ಕಾಣೆಯಾದವನ ಪಾಲು

ಸತ್ತವನಿಗೆ ವರ್ಷಕ್ಕೊಂದು ದಿನ ಮೀಸಲಿಟ್ಟರೆ ಸಾಕು. ಕಾಣೆಯಾದವನು ಮಾತ್ರ ದಿನಾ ಮನೆಯಲ್ಲೇ ಇರುತ್ತಾನೆ. ಮುಂಬಯಿಯ ಗೋರೆಗಾಂವಿನ ಹೋಟೆಲ್ ಪಂಚಮಿಯ ಗಲ್ಲಾದಲ್ಲಿ ಕೂತು ಪೂವಪ್ಪ ಈ ಸಂಕಟವನ್ನು ಒಂಬತ್ತು ವರ್ಷಗಳಿಂದ ನುಂಗುತ್ತಾ ಬಂದಿದ್ದ. ಅವನ ಸಕ್ಕರೆ ಕಾಯಿಲೆ ಹೇಗಿದೆ, ಮಂಡಿನೋವು ಹೇಗಿದೆ ಎಂದು ಕೇಳುವವರು ಒಬ್ಬರೂ ಇಲ್ಲ. ಬೆಳಿಗ್ಗೆ ಇಡ್ಲಿಗೆ ಬರುವ ಗುಜರಾತಿ ಮುದುಕನಿಂದ ಹಿಡಿದು ಸಂಘದ ಸಭೆಯಲ್ಲಿ ಸಿಗುವ ಊರಿನವರ ತನಕ ಎಲ್ಲರೂ ಕತ್ತು ಬಗ್ಗಿಸಿ, ದನಿ ತಗ್ಗಿಸಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಚೆನ್ನಯನ ಸುದ್ದಿ ಏನಾದರೂ ಉಂಟಾ?"

ಚೆನ್ನಯ ಪೂವಪ್ಪನ ತಂಗಿ ವಾರಿಜಾಳ ಗಂಡ. ಊರಿನಿಂದ ಬರಿಗೈಯಲ್ಲಿ ಬಂದಿದ್ದವನನ್ನು ಹೋಟೆಲಿನ ಹಿಂದಿನ ಪಾತ್ರೆ ತೊಳೆಯುವ ಮೋರಿಯಲ್ಲಿ ಗ್ಲಾಸು ತೊಳೆಯಲು ನಿಲ್ಲಿಸಿದ್ದು ಪೂವಪ್ಪ. ದೋಸೆ ಕಾವಲಿಯ ಮುಂದೆ ನಿಲ್ಲಲು ಕಲಿಸಿದ್ದು ಪೂವಪ್ಪ. ಕೊನೆಗೆ ತಂಗಿಯನ್ನೂ ಕೊಟ್ಟು ಹೋಟೆಲಿನಲ್ಲಿ ಪಾಲನ್ನೂ ಕೊಟ್ಟವನು ಪೂವಪ್ಪನೇ. ಆದರೆ ಗಿರಾಕಿಗಳು ಬರುತ್ತಿದ್ದುದು ಚೆನ್ನಯನ ನಗು ನೋಡಲು. ಕುಡಿಯುವುದಿಲ್ಲ, ಕೋಳಿ ಮುಟ್ಟುವುದಿಲ್ಲ, ಒಣಸಿಗಡಿ ಚಟ್ನಿ ಇದ್ದರೆ ಊಟ ಮುಗಿಯಿತು, ಸಿಟ್ಟು ಗೊತ್ತಿಲ್ಲ, ಯಾರಿಗೂ ಇಲ್ಲ ಎನ್ನುವುದಿಲ್ಲ. ಇಂಥ ಮನುಷ್ಯನ ಪಕ್ಕದಲ್ಲಿ ನಿಂತರೆ ಯಾವನಾದರೂ ಜಿಪುಣನಂತೆ ಕಾಣುತ್ತಾನೆ. ಪೂವಪ್ಪನಂತೂ ನಿಜಕ್ಕೂ ಜಿಪುಣನೇ ಆಗಿದ್ದ. ಆ ಹೊಟ್ಟೆಕಿಚ್ಚು ಅವನಿಗೆ ಗೊತ್ತಿತ್ತು, ಅದನ್ನು ಅವನು ತನ್ನ ಹಕ್ಕು ಎಂದೇ ತಿಳಿದಿದ್ದ.

ಚೆನ್ನಯ ಕಾಣೆಯಾದ ದಿನ ಜೂನಿನ ಮೊದಲ ದೊಡ್ಡ ಮಳೆ, ಲೋಕಲ್ ರೈಲುಗಳು ನಿಂತಿದ್ದವು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರದೊಂದು ಗಾಲಾ ಇತ್ತು. ಹೋಟೆಲಿಗೆ ಬೇಕಾದ ಹಿಟ್ಟನ್ನೆಲ್ಲ ರುಬ್ಬುವ ಶೆಡ್ಡು ಅದು. ಕೆಲಸಗಾರರು ಯಾರೂ ಬಂದಿರಲಿಲ್ಲ. ಹೊಸ ದೊಡ್ಡ ಗ್ರೈಂಡರಿಗೆ ಕಟ್ಟೆ ಕಟ್ಟಲೆಂದು ನೆಲ ಅಗೆದಿಟ್ಟಿದ್ದರು. ಅಲ್ಲಿ ನಿಂತು ಚೆನ್ನಯ ತನ್ನ ಎಂದಿನ ಮೆಲುದನಿಯಲ್ಲಿ, "ಭಾವ, ಇನ್ನು ನಾನು ಬೇರೆ ಆಗ್ತೇನೆ. ಪಂಚಮಿ ನಿಮಗೇ ಇರ್ಲಿ. ಈ ಹಿಟ್ಟಿನ ಕೆಲಸ ಮಾತ್ರ ನನಗೆ ಬಿಡಿ" ಎಂದ. ಅವನು ಕೂಗಿದ್ದರೆ ಪೂವಪ್ಪನೂ ಕೂಗಿ ಸುಮ್ಮನಾಗುತ್ತಿದ್ದ. ಮೆಲ್ಲಗೆ ಹೇಳಿದ್ದಕ್ಕೇ ಕೈ ಎದ್ದಿತು. ತಳ್ಳಿದ್ದು ತಾನು ಹೌದು, ಕೊಂದದ್ದು ಹಳೆಯ ರುಬ್ಬುಗಲ್ಲಿನ ಅಂಚು ಎಂದು ಪೂವಪ್ಪ ಅಂದೇ ತೀರ್ಮಾನಿಸಿಕೊಂಡ. ಮಿಕ್ಕಿದ್ದು ಬರೀ ಕೆಲಸ. ತಾನೂ ಮೋರಿಯಲ್ಲಿ ಗ್ಲಾಸು ತೊಳೆದೇ ಮೇಲೆ ಬಂದವನಿಗೆ ಸಿಮೆಂಟು ಕಲಸುವುದು ಹೊಸದೇನಲ್ಲ. ಗುಂಡಿಯನ್ನು ಇನ್ನಷ್ಟು ಆಳ ಮಾಡಿದ, ಕಟ್ಟೆಯನ್ನು ಇನ್ನಷ್ಟು ಎತ್ತರ ಮಾಡಿದ. ಚೆನ್ನಯನ ಫೋನನ್ನು ಕಾಂದಿವಲಿ ಸ್ಟೇಶನ್ನಿನ ಹತ್ತಿರ ಬಂದ್ ಮಾಡಿ, ತುಂಬಿ ಹರಿಯುತ್ತಿದ್ದ ನಾಲೆಗೆ ಎಸೆದ.

ಮರುದಿನ ವಾರಿಜಾಳ ಕೈ ಹಿಡಿದುಕೊಂಡು ಪೊಲೀಸ್ ಸ್ಟೇಶನ್ನಿಗೆ ಹೋಗಿ ಕಾಣೆಯಾದ ದೂರು ಬರೆಸಿದ್ದೂ ಅವನೇ. ಫೋಟೋ ಹಾಕಿದ ಪೋಸ್ಟರುಗಳನ್ನು ಸ್ಟೇಶನ್ ಸ್ಟೇಶನ್ನಿಗೆ ಅಂಟಿಸಿದ. ಮಾಟುಂಗದ ದೇವಸ್ಥಾನದಲ್ಲಿ ವಾರಿಜಾ ಹರಕೆ ಹೇಳಿಕೊಂಡಾಗ ಪಕ್ಕದಲ್ಲಿ ಕೈಮುಗಿದು ನಿಂತ. ಹುಡುಕುವವರಲ್ಲಿ ಎಲ್ಲರಿಗಿಂತ ಮುಂದೆ ನಿಂತವನನ್ನು ಯಾರೂ ಹುಡುಕುವುದಿಲ್ಲ ಎಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಹೊಳೆದಿತ್ತು.

ಕಷ್ಟವಾದದ್ದು ಮೊದಲ ಕೆಲವು ವಾರ ಮಾತ್ರ. ಹೊಸ ಗ್ರೈಂಡರ್ ತಿರುಗುವಾಗ ಕೆಳಗಿನಿಂದ ಯಾರೋ ಕೆಮ್ಮಿದ ಹಾಗೆ ಒಂದು ಸದ್ದು ಬರುತ್ತಿತ್ತು. ಗತಿ ಕಾಣದೆ ಹೋದ ಜೀವ ಕುಲೆಯಾಗಿ ಹಸಿದುಕೊಂಡು ತಿರುಗುತ್ತದೆ ಎಂದು ಅವನ ಅಜ್ಜಿ ಹೇಳುತ್ತಿದ್ದಳು. ಪೊಲೀಸರಿಗೆ ಹೆದರದ ಪೂವಪ್ಪ ಅಜ್ಜಿಯ ಮಾತಿಗೆ ಹೆದರಿದ. ಅದಕ್ಕೂ ಊರಿನ ಕ್ರಮದಲ್ಲಿ ಒಂದು ವ್ಯವಸ್ಥೆ ಮಾಡಿದ, ಸದ್ದು ನಿಂತಿತು, ಆಮೇಲೆ ಅದರ ಬಗ್ಗೆ ಯೋಚಿಸುವುದನ್ನೇ ಬಿಟ್ಟ.

ಹೀಗೆ ತಣ್ಣಗಿದ್ದ ನೀರಿಗೆ ಕಲ್ಲು ಹಾಕಿದವಳು ತಂಗಿಯ ಮಗಳು ನಿಶ್ಮಿತಾ. ಅಪ್ಪ ಕಾಣೆಯಾದಾಗ ಶಾಲೆಗೆ ಹೋಗುತ್ತಿದ್ದ ಹುಡುಗಿ ಈಗ ಗೋರೆಗಾಂವಿನ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಹೋಟೆಲಿಗೆ ಬಂದವಳು ಗಲ್ಲಾಕ್ಕೆ ಆತುಕೊಂಡು, ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ, "ಮಾಮಾ, ಪಪ್ಪನ ಕೇಸ್ ಫಿರ್ ಸೇ ಓಪನ್ ಆಗಿದೆ. ಹಳೇ ಮಿಸ್ಸಿಂಗ್ ಕೇಸ್ ಎಲ್ಲ ಶೀತಲ್ ಮ್ಯಾಡಮ್ ನೋಡ್ತಾರೆ. ಬಹುತ್ ಅಚ್ಛೀ ಹೈ. ಪಪ್ಪನ ಫೋನ್ ಲಾಸ್ಟ್ ಕಾಂದಿವಲಿಯಲ್ಲೇ ಇತ್ತಲ್ಲ, ನಿಮ್ಮ ಗಾಲಾ ನೋಡ್ಬೇಕಂತೆ" ಎಂದಳು.

"ನೋಡ್ಲಿ ಮಗಾ, ಯಾರು ಬೇಡ ಅಂದ್ರು?" ಎಂದ ಪೂವಪ್ಪ. ಎಣಿಸಿಟ್ಟಿದ್ದ ನೋಟುಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದ.

ಸಬ್ ಇನ್ಸ್‌ಪೆಕ್ಟರ್ ಶೀತಲ್ ಬಂದಳು. ತೆಳ್ಳಗೆ, ಗಿಡ್ಡಗೆ ಇದ್ದ ಮರಾಠಿ ಹೆಂಗಸು. ಅವಳಿಗೆ ಹೆಚ್ಚು ಮಾತಿಲ್ಲ. ಗಾಲಾದ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಸೂರು ನೋಡಿದಳು, ಆಮೇಲೆ ನೆಲ ನೋಡಿದಳು. ಹಿಟ್ಟು ತುಂಬುತ್ತಿದ್ದ ಗುರಲಿಂಗಪ್ಪ ಅದೇ ಹೊತ್ತಿಗೆ ಬಾಯಿ ಬಿಡಬೇಕೇ! ಬಿಜಾಪುರದ ಕಡೆಯ ಈ ಆಳಿಗೆ ಬಂದವರೆದುರು ಮಾತಾಡದಿದ್ದರೆ ಊಟ ಸೇರುವುದಿಲ್ಲ. "ಸಾವುಕಾರ್ರ, ಈ ಕಟ್ಟಿ ಭಾಳ ಎತ್ತರ ಆತು ನೋಡ್ರಿ. ಅಕ್ಕಿ ಸುರುವುದ್ರಾಗ ನಡಾ ಮುರೀತೈತಿ. ಒಂದ್ ಸಲ ಒಡದು ತಗ್ಗ ಮಾಡ್ಸೋಣಲ್ರೀ."

"ಮುಂದಿನ ವರ್ಷ ನೋಡುವ ಮಾರಾಯ" ಎಂದ ಪೂವಪ್ಪ.

"ಅವ ಏನಂದ?" ಎಂದು ಶೀತಲ್ ಹಿಂದಿಯಲ್ಲಿ ಕೇಳಿದಳು. ಪಗಾರದ ವಿಷಯ ಎಂದು ಪೂವಪ್ಪ ನಕ್ಕ. ಅವಳು ನಗಲಿಲ್ಲ. ಅವಳು ಹೋದ ಮೇಲೂ ಆ ನೋಟ ನೆಲದ ಮೇಲೇ ಬಿದ್ದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅಂದಿನಿಂದ ಅವನಿಗೆ ಎಲ್ಲರ ಮೇಲೂ ಗುಮಾನಿ. ಗುರಲಿಂಗಪ್ಪ ಬೇಕೆಂದೇ ಹೇಳಿದನೇ? ನಿಶ್ಮಿತಾ ಗಲ್ಲಾಕ್ಕೆ ಆತು ನಿಂತಾಗ ತನ್ನ ಮುಖವನ್ನು ಅಷ್ಟು ಹೊತ್ತು ಯಾಕೆ ನೋಡಿದಳು? ವಾರಿಜಾ ಈಚೆಗೆ ಫೋನು ಮಾಡುವುದು ಕಡಿಮೆಯಾಗಿದೆಯಲ್ಲ? ಗುಮಾನಿ ಪಡದೆ ಅವನು ಕೂರಬಲ್ಲ ಜಾಗ ಒಂದೇ, ತನ್ನ ಮನೆಯ ಅಡುಗೆಕೋಣೆ. ಹೆಂಡತಿ ಗುಲಾಬಿ ಪ್ರಶ್ನೆ ಕೇಳುವ ಹೆಂಗಸಲ್ಲ. ಹೇಳಿದ್ದನ್ನು ಮಾಡುತ್ತಾಳೆ, ಮಾಡಿದ್ದನ್ನು ಹೇಳಿಕೊಳ್ಳುವುದಿಲ್ಲ. ಅವಳ ಒಳ್ಳೆಯ ಗುಣ ಯಾವುದೆಂದು ಯಾರಾದರೂ ಕೇಳಿದ್ದರೆ ಪೂವಪ್ಪ ಇದನ್ನೇ ಹೇಳುತ್ತಿದ್ದ.

ಎರಡು ವಾರ ಅನ್ನ ಸೇರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ, ಲೋಕಲ್‌ಗೆ ಕಾಯುತ್ತಾ ಸ್ಟೇಶನ್ನಿನಲ್ಲಿ ನಿಂತಿದ್ದಾಗ, ಗುರುತು ಸಿಗದ ಹೆಣಗಳ ಫೋಟೋ ಅಂಟಿಸಿದ್ದ ಬೋರ್ಡು ಕಣ್ಣಿಗೆ ಬಿತ್ತು. ಹಳಿ ದಾಟುವಾಗ ಸತ್ತವರು, ಬಾಗಿಲಿಗೆ ಜೋತು ಬಿದ್ದು ಸತ್ತವರು. ಸಾವಿರ ಸಲ ಆ ಬೋರ್ಡಿನ ಮುಂದೆ ಹಾದುಹೋಗಿದ್ದ ಪೂವಪ್ಪ ಮೊದಲ ಸಲ ನಿಂತು ನೋಡಿದ. ಈ ಊರಿನಲ್ಲಿ ಹೆಣ ಸಿಗದೆ ಅಳುವ ಮನೆಗಳಿವೆ, ಮನೆ ಸಿಗದೆ ಸುಟ್ಟುಹೋಗುವ ಹೆಣಗಳಿವೆ. ಒಂದನ್ನೊಂದು ಜೋಡಿಸಿದರೆ ಯಾರಿಗೇನು ನಷ್ಟ? ಹುಡುಕುವವರಿಗೆ ಬೇಕಾದದ್ದು ಉತ್ತರ. ಉತ್ತರ ಸಿಕ್ಕಿದರೆ ಹುಡುಕಾಟ ನಿಲ್ಲುತ್ತದೆ. ಅದು ಸರಿಯಾದ ಉತ್ತರವೇ ಆಗಬೇಕೆಂದು ಯಾವ ಶಾಸ್ತ್ರದಲ್ಲಿದೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನಿಗೆ ಅಂದು ಚೆನ್ನಾಗಿ ಹಸಿವಾಯಿತು.

ರೈಲ್ವೆ ಪೊಲೀಸರಲ್ಲಿ ಒಬ್ಬ ಹವಾಲ್ದಾರ ಪಂಚಮಿಯ ಹಳೆಯ ಗಿರಾಕಿ. ತನ್ನ ತಂಗಿಯ ಗಂಡ ಕಾಣೆಯಾಗಿದ್ದಾನೆ, ಹಳೆಯ ಫೋಟೋಗಳನ್ನು ಒಮ್ಮೆ ನೋಡಬಹುದೇ ಎಂದು ಪೂವಪ್ಪ ಕೇಳಿಕೊಂಡ. ಒಂದೇ ಒಂದು ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಜೂನ್ ತಿಂಗಳ ಸತ್ತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ತರಕಾರಿ ಆರಿಸುವವನ ತಾಳ್ಮೆ ಅವನಿಗೆ ಇತ್ತು. ಇವನು ಉದ್ದ, ಇವನು ಎಳೆಯ, ಇವನ ಮುಖ ಸರಿಯಾಗಿ ಕಾಣುತ್ತದೆ. ಕೊನೆಗೆ ಸಿಕ್ಕಿದ. ಲೋಕಲ್ ಮತ್ತೆ ಓಡಿದ ರಾತ್ರಿ ಕಾಂದಿವಲಿಯ ಹತ್ತಿರ ಹಳಿಯ ಬದಿಯಲ್ಲಿ ಬಿದ್ದಿದ್ದವನು, ಮಳೆಯಲ್ಲಿ ನೆನೆದವನು, ಚೆನ್ನಯನ ಮೈಕಟ್ಟಿನವನು. ಮುಖವೆಂಬುದು ಉಳಿದಿರಲಿಲ್ಲ. ಹಸಿರು ಪಟ್ಟೆಯ ಅಂಗಿ ಮಾತ್ರ ಸ್ಪಷ್ಟವಾಗಿತ್ತು. ಕೇಳುವವರಿಲ್ಲದೆ ಸುಟ್ಟು ಬೂದಿಯಾಗಿದ್ದ. ಬೂದಿಗೆ ಯಾವ ಪರೀಕ್ಷೆಯೂ ಇಲ್ಲ. ಪೂವಪ್ಪ ಕಣ್ಣೊರೆಸಿಕೊಂಡು, "ಇದರಲ್ಲಿ ನಮ್ಮವನಿಲ್ಲ" ಎಂದು ಹೇಳಿ ಎದ್ದು ಬಂದ. ಗುರುತಿಸುವ ಕೆಲಸ ಅವನದಾಗಬಾರದು. ಅದು ಚೆನ್ನಯನ ಹೆಂಡತಿಯ ಬಾಯಿಂದಲೇ ಬರಬೇಕು.

ಆಮೇಲಿನದು ಹಿಟ್ಟು ಹುದುಗಿಸುವ ಕೆಲಸ, ಅವಸರ ಮಾಡಿದರೆ ಕೆಡುತ್ತದೆ. ಮಾಟುಂಗದ ಹಳೆಯ ಬಿಲ್ಡಿಂಗಿನಲ್ಲಿ ವಾರಿಜಾಳ ಮನೆ. ಅಲ್ಲಿಗೆ ಹೋದಾಗಲೆಲ್ಲ ಪೂವಪ್ಪ ಮಾತಿನ ನಡುವೆ ಒಂದು ಎಳೆ ಬಿಡುತ್ತಿದ್ದ. ಒಮ್ಮೆ, "ಅವನಿಗೆ ಹಸಿರು ಬಣ್ಣ ಚಂದ ಒಪ್ಪುತ್ತಿತ್ತು, ಅಲ್ವಾ?" ಇನ್ನೊಮ್ಮೆ, "ಮಾಟುಂಗ ಮಾರ್ಕೆಟಿನಿಂದ ನೀನು ಒಂದು ಪಟ್ಟೆ ಪಟ್ಟೆ ಅಂಗಿ ತಂದಿದ್ದೆಯಲ್ಲ, ಆ ದಿನ ಅದನ್ನೇ ಹಾಕಿದ್ದ ಅಂತ ಕಾಣ್ತದೆ." ವಾರಿಜಾ ಮೊದಲು ಇಲ್ಲ ಎಂದಳು. ಆಮೇಲೆ ಇರಬಹುದು ಎಂದಳು. ದೀಪಾವಳಿಯ ಹೊತ್ತಿಗೆ ಅವಳೇ ಅವನಿಗೆ ಹೇಳಿದಳು, "ಅಣ್ಣ, ಹೊರಡುವಾಗ ಆ ಹಸಿರು ಪಟ್ಟೆಯ ಅಂಗಿಯ ಗುಬ್ಬಿ ಹರಿದಿತ್ತು, ನಾನೇ ಹೊಲಿದು ಕೊಟ್ಟದ್ದು." ಇಲ್ಲದ ಅಂಗಿಗೆ ಗುಂಡಿ ಹೊಲಿದ ತಂಗಿಯನ್ನು ನೋಡಿ ಪೂವಪ್ಪನಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಒಂದೇ ಕ್ಷಣ.

ಅದಾದ ಮೇಲೆ ನಿಶ್ಮಿತಾಳನ್ನು ಕರೆದು ತಗ್ಗಿದ ದನಿಯಲ್ಲಿ, "ಮಗಾ, ರೈಲಿನ ಆಕ್ಸಿಡೆಂಟಿನ ಫೋಟೋ ಅಂತ ಇರ್ತದೆ. ನಾನು ಒಮ್ಮೆ ನೋಡಿದೆ, ಕಣ್ಣು ಮಂಜಾಗಿ ಸರಿ ಕಾಣ್ಲಿಲ್ಲ. ಅಮ್ಮನನ್ನು ಕರಕೊಂಡು ಹೋಗಿ ನೀನೇ ನೋಡು" ಎಂದ. ತಾಯಿ ಮಗಳು ಶೀತಲ್‌ಳ ಜೊತೆ ಹೋದರು. ಪೂವಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗಿನಿಂದ ವಾರಿಜಾಳ ಕೂಗು ಕೇಳಿದಾಗ ಅವನಿಗೂ ನಿಜಕ್ಕೂ ದುಃಖವಾಯಿತು. ಒಂಬತ್ತು ವರ್ಷ ಅಂಥ ಕೂಗಿಗೇ ಕಾದಿದ್ದ.

ವಾರಿಜಾ ಕರಿಮಣಿ ತೆಗೆದಳು. ಊರಿಗೆ ಹೋಗಿ ಉತ್ತರಕ್ರಿಯೆ ಮುಗಿಸಿ ಬಂದರು. ಹೋಟೆಲಿನಲ್ಲಿ ಫೋಟೋಗೆ ಮಾಲೆ ಬಿತ್ತು. ಗುಜರಾತಿ ಮುದುಕ ಮಾಲೆಯನ್ನು ನೋಡಿ ನಿಟ್ಟುಸಿರು ಬಿಟ್ಟ. ಕೆಲವು ದಿನಗಳ ಮೇಲೆ ಅವನು ಬಿಲ್ಲು ಕೊಡುತ್ತಾ, "ನಿಮ್ಮ ಮಂಡಿ ಹೇಗಿದೆ ಸೇಠ್?" ಎಂದು ಕೇಳಿದಾಗ ಪೂವಪ್ಪನ ಕಣ್ಣಲ್ಲಿ ನೀರು ಬಂತು.

ಶೀತಲ್ ಮಾತ್ರ ಒಮ್ಮೆ ಬಂದು ಕಾಫಿ ಕುಡಿದು, "ಅಂಗಿಯ ವಿಷಯ ಒಂಬತ್ತು ವರ್ಷದ ಹಿಂದಿನ ದೂರಿನಲ್ಲಿ ಇಲ್ಲ ಅಂಕಲ್" ಎಂದಳು. ಆಗ ತಂಗಿಗೆ ಮೈಮೇಲೆ ಪ್ರಜ್ಞೆ ಎಲ್ಲಿತ್ತು ಎಂದ ಪೂವಪ್ಪ. ಅವಳು ತಲೆಯಾಡಿಸಿದಳು. ಫೈಲು ಮುಚ್ಚುವುದಕ್ಕೆ ಬರೆಯುತ್ತೇನೆ, ಅಷ್ಟರಲ್ಲಿ ಏನಾದರೂ ನೆನಪಾದರೆ ಹೇಳಿ ಎಂದು ಎದ್ದಳು. ಗೆದ್ದವನಿಗೆ ಒಂದು ಕೆಟ್ಟ ಚಾಳಿ ಇರುತ್ತದೆ, ಸೋತವರು ಎದುರಿಗೆ ಕೂತು ಉಣ್ಣುವುದನ್ನು ನೋಡಬೇಕು. "ಆಟಿಯಲ್ಲಿ ನಮ್ಮ ಮನೆಗೆ ಊಟಕ್ಕೆ ಬನ್ನಿ ಮ್ಯಾಡಮ್. ನಮ್ಮ ಚೆನ್ನಯನಿಗೆ ಮೊದಲ ಸಲ ಬಡಿಸುವುದು. ನೀವು ಇಲ್ಲದಿದ್ದರೆ ಅವನಿಗೆ ಈ ಎಲೆಯೂ ಸಿಗುತ್ತಿರಲಿಲ್ಲ" ಎಂದ. ಅವನ ಮಾತು ಅವನಿಗೇ ಇಷ್ಟವಾಯಿತು.

ಆಟಿ ಎಂದರೆ ಮಳೆಗಾಲದ ನಡುವಿನ ತಿಂಗಳು. ಕರಾವಳಿಯವರು ಆಗ ಮನೆಯ ಸತ್ತವರಿಗೆ ಎಲೆ ಹಾಕುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಎಲೆ, ಬದುಕಿದ್ದಾಗ ಅವರಿಗೆ ಏನು ಇಷ್ಟವೋ ಅದು. ಬಡಿಸಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು. ಹಿರಿಯರು ಉಂಡರು ಎನ್ನುವಷ್ಟು ಹೊತ್ತಿನ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಚೆನ್ನಯನ ಕಡೆಯವರು ಊರಲ್ಲಿ ಅವನ ತಾಯಿಮನೆಯಲ್ಲಿ ಬಡಿಸುವವರಿದ್ದರು, ಕ್ರಮವೂ ಅದೇ. ಆದರೆ ಮುಂಬಯಿಯಲ್ಲಿ ಬದುಕಿದವನಿಗೆ ಮುಂಬಯಿಯಲ್ಲೂ ಒಂದು ಎಲೆ ಇರಲಿ, ನನ್ನ ಮನೆಯಲ್ಲೇ ಆಗಲಿ ಎಂದು ಪೂವಪ್ಪ ಹಟ ಹಿಡಿದ. ಅವನ ದೊಡ್ಡ ಮನಸ್ಸನ್ನು ನೆಂಟರೆಲ್ಲ ಹೊಗಳಿದರು.

ಎಲೆ ಹಾಕುವ ದಿನ ಕಾಂದಿವಲಿಯ ಗಾಲಾಕ್ಕೆ ರಜೆ. ಪ್ರತಿವರ್ಷ ಆಟಿಯ ಆ ದಿನ ಕೆಲಸಗಾರರಿಗೆ ರಜೆ ಕೊಟ್ಟು, ಸಂಜೆ ತಾನೊಬ್ಬನೇ ಹೋಗಿ ದೀಪ ಹಚ್ಚಿ ಬರುವುದು ಅವನ ಪದ್ಧತಿ. ಬೆಳಿಗ್ಗೆ ಹೊರಡುವಾಗ ಗುಲಾಬಿಗೆ, "ಚೆನ್ನಯನಿಗೂ ಒಂದು ಎಲೆ ಉಂಟು, ನೆನಪಿರ್ಲಿ" ಎಂದ. ಗುಲಾಬಿ ಅವನ ಮುಖವನ್ನು ಒಂದು ಗಳಿಗೆ ನೋಡಿ, "ಆಯ್ತು" ಎಂದಳು. ಅಡುಗೆ, ಎಲೆ, ಬಡಿಸುವುದು ಎಲ್ಲ ಹೆಂಗಸರ ಕಾರುಬಾರು. ಅದರಲ್ಲಿ ತಲೆಹಾಕುವ ಗಂಡಸು ಅವನಲ್ಲ. ಅವನು ಸಿಹಿ ತರಲು ಪೇಟೆಗೆ ಹೋದ.

ಮಳೆಗೆ ಲೋಕಲ್ ತಡವಾಗಿ ವಾರಿಜಾ ಬರುವಷ್ಟರಲ್ಲಿ ಗುಲಾಬಿ ಬಡಿಸಿ ಬಾಗಿಲು ಮುಚ್ಚಿಯಾಗಿತ್ತು. ವಾರಿಜಾಳ ಕೈಯಲ್ಲಿ ಒಂದು ಫ್ಲಾಸ್ಕು, ಒಂದು ಡಬ್ಬಿ. ಹಿಂದೆಯೇ ನಿಶ್ಮಿತಾ, ಅವಳ ಜೊತೆ ಸಾದಾ ಚೂಡಿದಾರದಲ್ಲಿ ಶೀತಲ್. "ಛೆ, ನಾನೇ ಬಡಿಸ್ಬೇಕಂತ ತಂದಿದ್ದೆ" ಎಂದು ವಾರಿಜಾ ಕಣ್ಣೊರೆಸಿಕೊಂಡಳು. "ಪರವಾಗಿಲ್ಲ, ಬಾಗಿಲು ತೆರೆದ ಮೇಲೆ ಇಡು, ಅವ ಎಂತ ಕೋಪ ಮಾಡ್ತಾನಾ?" ಎಂದು ಪೂವಪ್ಪ ಸಮಾಧಾನ ಹೇಳಿದ. ಎಲ್ಲರೂ ಹಾಲಿನಲ್ಲಿ ಕೂತರು. ಹೊರಗೆ ಮಳೆ ಸುರಿಯುತ್ತಿತ್ತು. ಮುಚ್ಚಿದ ಬಾಗಿಲಾಚೆ ಸತ್ತವರು ಉಣ್ಣುತ್ತಿದ್ದಾರೆ ಎಂದು ನಿಶ್ಮಿತಾ ಶೀತಲ್‌ಳ ಕಿವಿಯಲ್ಲಿ ವಿವರಿಸುತ್ತಿದ್ದಳು. ತಮ್ಮಲ್ಲೂ ಪಿತೃಪಕ್ಷ ಹೀಗೇ ಎಂದು ಅವಳು ತಲೆಯಾಡಿಸಿದಳು. ಪೂವಪ್ಪ ಸೋಫಾಕ್ಕೆ ಒರಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಒಂದರಲ್ಲೂ ಪ್ರಶ್ನೆ ಇರಲಿಲ್ಲ. ಬಹಳ ವರ್ಷಗಳ ಮೇಲೆ ಅವನಿಗೆ ಯಾರ ಮೇಲೂ ಗುಮಾನಿ ಬರಲಿಲ್ಲ.

ಗುಲಾಬಿ ಬಾಗಿಲು ತಟ್ಟಿ ತೆರೆದಳು. ಸಾಲಾಗಿ ಬಾಳೆಲೆಗಳು, ಎಲ್ಲದರಲ್ಲೂ ಕೋಳಿಸಾರು, ಪಕ್ಕದಲ್ಲಿ ಬ್ರಾಂಡಿಯ ಗ್ಲಾಸು. ಕೊನೆಯ ಎಲೆಯಲ್ಲಿ ಮಾತ್ರ ಕೋಳಿ ಇರಲಿಲ್ಲ. ನೀರುದೋಸೆ, ಒಣಸಿಗಡಿ ಚಟ್ನಿ, ಒಂದು ಲೋಟ ಬೆಲ್ಲದ ಕರಿಕಾಫಿ. ವಾರಿಜಾ ತನ್ನ ಕೈಯಲ್ಲಿದ್ದ ಫ್ಲಾಸ್ಕನ್ನೂ ಡಬ್ಬಿಯನ್ನೂ ನೋಡಿದಳು. ಅವಳು ತಂದದ್ದೂ ಅದೇ. "ಅತ್ತಿಗೆ, ಅವರಿಗೆ ಬೆಲ್ಲದ ಕಾಫಿ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು. "ಯಾರು ಹೇಳ್ಬೇಕು ವಾರಿಜಾ? ಈ ಎಲೆ ಹೊಸತಲ್ಲವಲ್ಲ. ಆ ವರ್ಷದ ಆಟಿಯಿಂದ ಹೀಗೇ ಬಡಿಸ್ತಾ ಇದ್ದೇನೆ, ಇವರೇ ಹೇಳಿದ್ದು. ಯಾರಿಗೆ ಅಂತ ಕೇಳ್ಬೇಡ ಅಂದಿದ್ರು, ನಾನು ಕೇಳ್ಲಿಲ್ಲ" ಎಂದಳು ಗುಲಾಬಿ. ಆ ವರ್ಷದ ಆಟಿ ಎಂದರೆ ಚೆನ್ನಯ ಕಾಣೆಯಾಗಿ ತಿಂಗಳು ಕಳೆದಿತ್ತಷ್ಟೆ. ಗಂಡ ಜೀವಂತ ಮರಳಲಿ ಎಂದು ವಾರಿಜಾ ಮಾಟುಂಗದ ದೇವಸ್ಥಾನದಲ್ಲಿ ಹರಕೆ ಕಟ್ಟುತ್ತಿದ್ದ ದಿನಗಳು. ಫ್ಲಾಸ್ಕು ಅವಳ ಕೈಯಿಂದ ಜಾರಿ ಬಿತ್ತು. ಪೂವಪ್ಪನಿಗೆ ಬಾಯಿ ತೆರೆಯಲು ಆಗುವ ಮೊದಲೇ ಗುಲಾಬಿ ಬಗ್ಗಿ ಆ ಎಲೆಯನ್ನು ಮಡಚುತ್ತಾ, ಪ್ರತಿವರ್ಷ ಕೇಳುವ ಅದೇ ದನಿಯಲ್ಲಿ ಗಂಡನನ್ನು ಕೇಳಿದಳು, "ಇದನ್ನ ಯಾವಾಗಿನ ಹಾಗೆ ಕಾಂದಿವಲಿಗೆ ಕಟ್ಟಿ ಕೊಡ್ಲಾ? ಗ್ರೈಂಡರಿನ ಕಟ್ಟೆ ಮೇಲೆ ಇಡ್ಲಿಕ್ಕೆ?" ಹೆಂಡತಿಯ ಮುಖದಲ್ಲಿ ಏನಿದೆ ಎಂದು ಅವನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಹುಡುಕಿದ, ಏನೂ ತಿಳಿಯಲಿಲ್ಲ. ಅವರ ಭಾಷೆ ಬಾರದ ಶೀತಲ್‌ಗೆ ಆ ಮಾತಿನಲ್ಲಿ ಅರ್ಥವಾದದ್ದು ಎರಡೇ ಶಬ್ದ, ಕಾಂದಿವಲಿ ಮತ್ತು ಗ್ರೈಂಡರ್. ಮಿಕ್ಕಿದ್ದನ್ನು ನಿಶ್ಮಿತಾ ಮಾವನ ಮುಖದಿಂದ ಕಣ್ಣು ಕೀಳದೆ, ಮೆಲ್ಲಗೆ ಹಿಂದಿಯಲ್ಲಿ ಹೇಳಿದಳು.